ಹಾಡು, ಮೊಟ್ಟೆ, ಪೊಲೀಸರು: ‘ಬಿಲ್ಲಿ ಎಲಿಯಟ್’ ಶುರುವಾಗುವ ಬಗೆ

‘ಬಿಲ್ಲಿ ಎಲಿಯಟ್’ ಚಿತ್ರದ ಶುರುವಿನಲ್ಲಿ ಕಥೆ ಅಂತ ಹೇಳಿಕೊಳ್ಳುವಂಥದ್ದು ಏನೂ ನಡೆಯುವುದಿಲ್ಲ. ಒಬ್ಬ ಹುಡುಗ ಹಾಡು ಹಾಕಿ ಹಾಸಿಗೆ ಮೇಲೆ ಹಾರುತ್ತಾನೆ. ಅಡುಗೆಮನೆಯಲ್ಲಿ ಮೊಟ್ಟೆ ಬೇಯಿಸುತ್ತಾನೆ. ಅಜ್ಜಿ ಹಾಸಿಗೆಯಲ್ಲಿ ಇಲ್ಲ ಅಂತ ಗೊತ್ತಾದಾಗ ಹುಡುಕಿಕೊಂಡು ಓಡುತ್ತಾನೆ. ಅಜ್ಜಿ ಬಯಲಿನಲ್ಲಿ ಸಿಗುತ್ತಾಳೆ. ಅವರ ಹಿಂದೆ ಪೊಲೀಸರು ಸಾಲಾಗಿ ಕಾಣಿಸುತ್ತಾರೆ. ಇಷ್ಟೇ. ಆದರೂ ಮುಂದೆ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ಬರುವ ಕಥೆಯ ಬೀಜಗಳೆಲ್ಲ ಇಲ್ಲೇ ಬಿದ್ದಿರುತ್ತವೆ. ಅದು ಹೇಗೆ ಅನ್ನುವುದನ್ನು ಇಲ್ಲಿ ಬಿಡಿಸಿ ನೋಡೋಣ. ಚಿತ್ರದ ಕೊನೆಯ ವಿಷಯವೂ ಮಾತಿನಲ್ಲಿ ಬರುತ್ತದೆ. ಇನ್ನೂ ನೋಡಿಲ್ಲದವರು ಮೊದಲು ಚಿತ್ರ ನೋಡಿ ಬಂದರೆ ಒಳ್ಳೆಯದು.

ಮೊದಲು ಹಿನ್ನೆಲೆ. ಚಿತ್ರ ಬಂದಿದ್ದು 2000ದಲ್ಲಿ. ನಿರ್ದೇಶಕ ಸ್ಟೀಫನ್ ಡಾಲ್ಡ್ರಿ ಅದಕ್ಕೂ ಮೊದಲು ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದ ಮುಖ್ಯಸ್ಥರಾಗಿದ್ದರು. ಪೂರ್ಣ ಪ್ರಮಾಣದ ಚಿತ್ರವಾಗಿ ಅವರಿಗೆ ಇದೇ ಮೊದಲನೆಯದು. ಕಥೆ ಬರೆದ ಲೀ ಹಾಲ್ ಹುಟ್ಟಿದ್ದು ಇಂಗ್ಲೆಂಡಿನ ಈಶಾನ್ಯದ ನ್ಯೂಕಾಸಲ್‌ನಲ್ಲಿ. ಹಾಗಾಗಿ ಅಲ್ಲಿನ ಮಾತು, ಅಲ್ಲಿನ ಸಿಟ್ಟು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕ್ಯಾಮೆರಾ ಬ್ರಯಾನ್ ಟುಫಾನೊ ಅವರದ್ದು. ಬಿಲ್ಲಿಯಾಗಿ ನಟಿಸಿದ ಜೇಮಿ ಬೆಲ್ ಕೂಡ ಅದೇ ಸೀಮೆಯ ಬಿಲ್ಲಿಂಗ್‌ಹ್ಯಾಮ್‌ನ ಹುಡುಗ. ಈ ಪಾತ್ರಕ್ಕೆ ಅವನಿಗೆ ಬ್ರಿಟನ್ನಿನ ದೊಡ್ಡ ಚಿತ್ರ ಪ್ರಶಸ್ತಿಯಾದ ಬಾಫ್ಟಾದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಕಥೆ ಇಷ್ಟು: ಕಲ್ಲಿದ್ದಲು ಗಣಿ ಊರಿನ 11 ವರ್ಷದ ಹುಡುಗ, ಅಪ್ಪ ಕಳಿಸಿದ ಬಾಕ್ಸಿಂಗ್ ಕ್ಲಾಸು ಬಿಟ್ಟು, ಪಕ್ಕದಲ್ಲೇ ಹುಡುಗಿಯರಿಗೆ ನಡೆಯುವ ಬ್ಯಾಲೆ ಕ್ಲಾಸಿಗೆ ಸೇರಿಕೊಳ್ಳುತ್ತಾನೆ. ಅಪ್ಪ ಮತ್ತು ಅಣ್ಣ ಇಬ್ಬರೂ ಗಣಿ ಕಾರ್ಮಿಕರು, ಇಬ್ಬರೂ ಮುಷ್ಕರದಲ್ಲಿದ್ದಾರೆ.

ಬಾಲ್ಯ ದಾಟಿ ಹರೆಯಕ್ಕೆ ಕಾಲಿಡುವ ಕಥೆಗಳಿಗೆ ಒಂದು ಕಷ್ಟ ಇರುತ್ತದೆ. ಹುಡುಗ ಬದಲಾಗುವುದನ್ನು ತೋರಿಸಬೇಕು. ಅದಕ್ಕೆ ಮುಂಚೆ ಬದಲಾಗದ ಹುಡುಗ ಹೇಗಿದ್ದ ಅಂತ ನಮಗೆ ಗೊತ್ತಿರಬೇಕು. ಎಷ್ಟೋ ಚಿತ್ರಗಳು ಇದಕ್ಕೆ ಸುಲಭದ ದಾರಿ ಹಿಡಿಯುತ್ತವೆ. ಹುಡುಗನೇ ಹಿನ್ನೆಲೆಯಲ್ಲಿ ಮಾತಾಡುತ್ತಾನೆ: ನಾನು ಇಂಥವನು, ಇದು ನನ್ನ ಊರು, ಇವರು ನನ್ನ ಮನೆಯವರು. ಬಿಲ್ಲಿಗೆ ಆ ಸೌಲಭ್ಯ ಇಲ್ಲ. ಅವನು ಮಾತಿನಲ್ಲಿ ಜಾಣನಲ್ಲ. ತನಗೆ ಏನಾಗುತ್ತಿದೆ ಅಂತ ಹೇಳಲು ಅವನಿಗೆ ಪದ ಸಿಗುವುದಿಲ್ಲ. ಚಿತ್ರದ ಕೊನೆಯ ಭಾಗದಲ್ಲಿ ರಾಯಲ್ ಬ್ಯಾಲೆ ಸ್ಕೂಲಿನ ಸಂದರ್ಶನದಲ್ಲಿ ಒಂದು ಪ್ರಶ್ನೆ ಬರುತ್ತದೆ: ಕುಣಿಯುವಾಗ ನಿನಗೆ ಏನನ್ನಿಸುತ್ತದೆ? ಅವನು ತಡವರಿಸುತ್ತಾನೆ. ಆಮೇಲೆ ನಿಧಾನವಾಗಿ ಹೇಳುತ್ತಾನೆ, ನಾನು ಮಾಯವಾದ ಹಾಗೆ ಆಗುತ್ತದೆ, ಮೈಯಲ್ಲಿ ಬೆಂಕಿ ಹೊತ್ತಿದ ಹಾಗೆ, ಹಕ್ಕಿಯ ಹಾಗೆ, ಕರೆಂಟಿನ ಹಾಗೆ. ಅವನಿಗೆ ಈ ಮಾತು ಸಿಗುವುದಕ್ಕೆ ಇಡೀ ಚಿತ್ರ ಬೇಕಾಯಿತು. ಆದರೆ ನಾವು ಅದನ್ನು ಮೊದಲ ನಿಮಿಷದಲ್ಲೇ ಕಣ್ಣಾರೆ ನೋಡಿರುತ್ತೇವೆ. ನನ್ನ ಪ್ರಕಾರ ಈ ಶುರುವಿನ ದೊಡ್ಡತನ ಇರುವುದು ಇಲ್ಲೇ. ಹುಡುಗನಿಗೇ ಗೊತ್ತಿಲ್ಲದ್ದನ್ನು ಅದು ನಮಗೆ ತೋರಿಸಿಬಿಡುತ್ತದೆ.

ಹೇಗೆ ತೋರಿಸುತ್ತದೆ ಅಂತ ಈಗ ಹತ್ತಿರದಿಂದ ನೋಡೋಣ.

ಮೊದಲು ಬರುವುದು ಕೈ ಮತ್ತು ರೆಕಾರ್ಡ್. ಹುಡುಗ ರೆಕಾರ್ಡನ್ನು ಪ್ಲೇಯರ್ ಮೇಲೆ ಇಟ್ಟು ಮುಳ್ಳು ಇಳಿಸುತ್ತಾನೆ. ಟಿ. ರೆಕ್ಸ್ ಎಂಬ ಬ್ರಿಟಿಷ್ ರಾಕ್ ತಂಡದ ‘ಕಾಸ್ಮಿಕ್ ಡ್ಯಾನ್ಸರ್’ ಹಾಡು ಶುರುವಾಗುತ್ತದೆ. ಇಲ್ಲಿ ಸದ್ದಿನ ಬಗ್ಗೆ ಒಂದು ವಿಷಯ ಗಮನಿಸಬೇಕು. ಸಿನಿಮಾದಲ್ಲಿ ಸಂಗೀತ ಎರಡು ಥರ ಇರುತ್ತದೆ. ಒಂದು, ಪಾತ್ರಗಳಿಗೂ ಕೇಳಿಸುವ ಸಂಗೀತ: ರೇಡಿಯೋ, ಮದುವೆ ಮನೆಯ ವಾಲಗ, ಯಾರೋ ಗುನುಗುವ ಹಾಡು. ಇನ್ನೊಂದು, ನಮಗೆ ಮಾತ್ರ ಕೇಳಿಸುವ ಹಿನ್ನೆಲೆ ಸಂಗೀತ. ‘ಕಾಸ್ಮಿಕ್ ಡ್ಯಾನ್ಸರ್’ ಮೊದಲನೆಯ ಥರವಾಗಿ ಶುರುವಾಗುತ್ತದೆ, ಹುಡುಗನ ಕೋಣೆಯಲ್ಲಿ, ಹುಡುಗನೇ ಹಾಕಿದ ಹಾಡಾಗಿ. ಸ್ವಲ್ಪ ಹೊತ್ತಿಗೇ ಅದು ಇಡೀ ಪರದೆಯನ್ನು ತುಂಬಿಕೊಂಡು ಟೈಟಲ್ ಸಂಗೀತವೇ ಆಗಿಬಿಡುತ್ತದೆ. ಕೋಣೆಯ ಹಾಡು ಚಿತ್ರದ ಹಾಡಾಗುತ್ತದೆ. ಅಂದರೆ ಈ ಚಿತ್ರ ಯಾರ ಮನಸ್ಸಿನ ಒಳಗಿಂದ ನಡೆಯುತ್ತದೆ ಅನ್ನುವುದು ಒಂದು ಮಾತೂ ಇಲ್ಲದೆ ಇತ್ಯರ್ಥವಾಯಿತು.

ಆ ಹಾಡೇ ಯಾಕೆ? ಅದು 1971ರ ‘ಎಲೆಕ್ಟ್ರಿಕ್ ವಾರಿಯರ್’ ಆಲ್ಬಮ್‌ನದ್ದು. ಚಿತ್ರದ ಕಥೆ ನಡೆಯುವುದು 1984ರಲ್ಲಿ. ಬಿಲ್ಲಿಯ ವಯಸ್ಸಿನ ಹುಡುಗನಿಗೆ ಅದು ಹಳೆಯ ಹಾಡು. ಸ್ವಲ್ಪ ಮುಂದೆ ಉತ್ತರ ಸಿಗುತ್ತದೆ: ರೆಕಾರ್ಡ್ ಅವನದ್ದಲ್ಲ, ಅಣ್ಣ ಟೋನಿಯದ್ದು. ನನ್ನ ರೆಕಾರ್ಡ್ ಮುಟ್ಟಿದೆಯಾ ಅಂತ ಅಣ್ಣ ಗದರುತ್ತಾನೆ, ತಮ್ಮ ಇಲ್ಲ ಅಂತ ಸುಳ್ಳು ಹೇಳುತ್ತಾನೆ. ಬಿಲ್ಲಿಯ ಕುಣಿತ ಮೊದಲ ದಿನದಿಂದಲೂ ಕದ್ದು ಮಾಡುವ ಕೆಲಸ. ಬ್ಯಾಲೆ ಬರುವುದಕ್ಕೆ ಮುಂಚೆಯೇ ಗುಟ್ಟು ಬಂದಿದೆ.

ಹಾಡಿನ ಮಾತುಗಳೂ ಸುಮ್ನೆ ಆರಿಸಿದ್ದಲ್ಲ. ಹನ್ನೆರಡು ವರ್ಷದವನಿದ್ದಾಗ ಕುಣಿಯುತ್ತಿದ್ದೆ ಅಂತ ಒಬ್ಬ ದೊಡ್ಡವನು ನೆನೆಸಿಕೊಳ್ಳುವ ಹಾಡು ಅದು. ತಾಯಿಯ ಹೊಟ್ಟೆಯಿಂದ ಸಮಾಧಿಯವರೆಗೂ ಕುಣಿತವೇ ಅಂತ ಮುಂದುವರಿಯುತ್ತದೆ. ಬಿಲ್ಲಿಗೆ ಇನ್ನೂ ಹನ್ನೊಂದು. ಹಾಡು ಅವನಿಗಿಂತ ಒಂದು ವರ್ಷ ಮುಂದಿದೆ. ಪರದೆಯ ಮೇಲೆ ಇರುವುದು ಈಗಿನ ಹುಡುಗ, ಕೇಳಿಸುತ್ತಿರುವುದು ಎಂದೋ ಬೆಳೆದು ದೊಡ್ಡವನಾದವನ ನೆನಪು. ಹುಡುಗ ಹಾರುತ್ತಿರುವಾಗಲೇ ಅವನ ಭವಿಷ್ಯ ಹಿಂತಿರುಗಿ ಅವನನ್ನು ನೋಡುತ್ತಿದೆ.

ಈ ಹಾಡು ಬರೆದು ಹಾಡಿದ, ಟಿ. ರೆಕ್ಸ್ ತಂಡದ ಮಾರ್ಕ್ ಬೋಲನ್ ಬಗ್ಗೆಯೂ ಒಂದು ಮಾತು. 1971ರಲ್ಲಿ ಬಿಬಿಸಿಯ ‘ಟಾಪ್ ಆಫ್ ದಿ ಪಾಪ್ಸ್’ ಕಾರ್ಯಕ್ರಮಕ್ಕೆ ಅವರು ಕಣ್ಣಿನ ಕೆಳಗೆ ಮಿನುಗುವ ಪುಡಿ ಹಚ್ಚಿಕೊಂಡು ಬಂದರು. ಬ್ರಿಟನ್ನಿನಲ್ಲಿ ಗ್ಲ್ಯಾಮ್ ರಾಕ್ ಶುರುವಾಗಿದ್ದು ಅಲ್ಲಿಂದ ಅಂತ ಎಷ್ಟೋ ಜನ ಹೇಳುತ್ತಾರೆ. ಗುಂಗುರು ಕೂದಲು, ಹೊಳೆಯುವ ಬಟ್ಟೆ, ಮೈ ಬಳುಕಿಸುವ ಗಂಡಸು. ಗಂಡಸು ಅಂದರೆ ಹೀಗೇ ಇರಬೇಕು ಅನ್ನುವ ಕಟ್ಟನ್ನು ಈ ಗ್ಲ್ಯಾಮ್ ರಾಕ್ ಹಾಡುಗಾರರು ಸಡಿಲ ಮಾಡಿದ್ದರು. ಈಗ ಯೋಚಿಸಿ. ಗಂಡುಮಕ್ಕಳು ಬ್ಯಾಲೆ ಮಾಡಲ್ಲ ಅಂತ ಅಪ್ಪ ಕೂಗಾಡುವ ಮನೆಯಲ್ಲಿ, ಮುಷ್ಕರದ ಮುಂಚೂಣಿಯಲ್ಲಿರುವ ಒರಟು ಅಣ್ಣನ ಹತ್ತಿರ ಆ ರೆಕಾರ್ಡ್ ಇದೆ. ಆ ಮನೆಗೆ ಬೇರೆ ಥರದ ಗಂಡಸುತನ ಆಗಲೇ ಬಂದು ಕೂತಿದೆ. ಯಾರೂ ಅದನ್ನು ಗುರುತಿಸಿಲ್ಲ, ಅಷ್ಟೇ. ಚಿತ್ರದುದ್ದಕ್ಕೂ ಟಿ. ರೆಕ್ಸ್ ಹಾಡುಗಳು ಮತ್ತೆ ಮತ್ತೆ ಬರುವುದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಇನ್ನು ಹಾರುವುದು. ಹೂವಿನ ಚಿತ್ತಾರದ ವಾಲ್‌ಪೇಪರ್ ಅಂಟಿಸಿದ ಗೋಡೆ. ಅದರ ಮುಂದೆ ಹುಡುಗ ಕೆಳಗಿನಿಂದ ಮೇಲೆ ಬರುತ್ತಾನೆ, ಗಾಳಿಯಲ್ಲಿ ನಿಲ್ಲುತ್ತಾನೆ, ಕೆಳಗೆ ಇಳಿದು ಮರೆಯಾಗುತ್ತಾನೆ. ಮತ್ತೆ ಬರುತ್ತಾನೆ. ಕೈ ಚಾಚುತ್ತಾನೆ, ಮುಖ ಕಿವುಚುತ್ತಾನೆ. ಎಲ್ಲವೂ ಸ್ಲೋ ಮೋಷನ್‌ನಲ್ಲಿ. ಸಾಮಾನ್ಯವಾಗಿ ಸಿನಿಮಾ ಕ್ಯಾಮೆರಾ ಸೆಕೆಂಡಿಗೆ 24 ಚಿತ್ರ ತೆಗೆಯುತ್ತದೆ, ಪರದೆಯ ಮೇಲೂ ಅದೇ ವೇಗದಲ್ಲಿ ಓಡುತ್ತದೆ. ಕ್ಯಾಮೆರಾ ಸೆಕೆಂಡಿಗೆ 48 ತೆಗೆದು, ಪರದೆಯ ಮೇಲೆ 24ರ ಲೆಕ್ಕದಲ್ಲೇ ಓಡಿಸಿದರೆ ಒಂದು ಸೆಕೆಂಡಿನ ಹಾರಾಟ ಎರಡು ಸೆಕೆಂಡ್ ಆಗುತ್ತದೆ. ಸ್ಲೋ ಮೋಷನ್ ಅಂದರೆ ಮೂಲದಲ್ಲಿ ಇದೇ.

ಆದರೆ ಹಾರುವವರಿಗೆ ಸ್ಲೋ ಮೋಷನ್ ಅಷ್ಟು ಚೆನ್ನಾಗಿ ಒಪ್ಪುವುದಕ್ಕೆ ಇನ್ನೊಂದು ಕಾರಣ ಇದೆ. ಮೇಲಕ್ಕೆ ಜಿಗಿದ ಯಾವ ವಸ್ತುವಾದರೂ ಏರುತ್ತಾ ಏರುತ್ತಾ ನಿಧಾನವಾಗುತ್ತದೆ. ತುದಿ ಮುಟ್ಟಿದಾಗ ಅದರ ವೇಗ ಸೊನ್ನೆ. ಲೆಕ್ಕ ಹಾಕಿದರೆ, ಗಾಳಿಯಲ್ಲಿರುವ ಒಟ್ಟು ಸಮಯದಲ್ಲಿ ಅರ್ಧದಷ್ಟು ಕಳೆಯುವುದು ಜಿಗಿತದ ಎತ್ತರದ ಮೇಲಿನ ಕಾಲು ಭಾಗದಲ್ಲೇ. ಒಳ್ಳೆಯ ನರ್ತಕರು ಗಾಳಿಯಲ್ಲಿ ತೇಲುತ್ತಾರೆ ಅಂತ ನಮಗೆ ಅನ್ನಿಸುವುದು ಇದಕ್ಕೇ. ಈಗ ಈ ದೃಶ್ಯದ ಫ್ರೇಮ್, ಅಂದರೆ ಪರದೆಯ ಚೌಕಟ್ಟು ನೋಡಿ. ಹೆಚ್ಚಿನ ಹೊತ್ತು ನಮಗೆ ಹಾಸಿಗೆ ಕಾಣುವುದಿಲ್ಲ. ಹುಡುಗನನ್ನು ಮೇಲೆ ಎಸೆಯುವ ಸ್ಪ್ರಿಂಗ್, ಅವನು ಧೊಪ್ಪನೆ ಬೀಳುವ ಜಾಗ, ಎರಡೂ ಫ್ರೇಮಿನ ಹೊರಗೆ. ಕಾಣುವುದು ಮೇಲಿನ ಭಾಗ ಮಾತ್ರ, ಅಂದರೆ ಅವನು ತೇಲುವ ಭಾಗ. ಮೊದಲೇ ನಿಧಾನವಾಗಿರುವ ಜಾಗವನ್ನು ಕ್ಯಾಮೆರಾ ಇನ್ನೂ ನಿಧಾನ ಮಾಡಿದೆ. ಬೀಳುವುದನ್ನು ನಮ್ಮಿಂದ ಮುಚ್ಚಿಟ್ಟಿದೆ. ಮಾಯವಾದ ಹಾಗೆ, ಹಕ್ಕಿಯ ಹಾಗೆ ಅಂತ ಅವನು ಕೊನೆಯಲ್ಲಿ ಹೇಳುವುದೆಲ್ಲ ಇಲ್ಲಿ ಇದೆ ಅಲ್ವಾ?

ಇನ್ನೊಂದು ವಿಷಯ. ಈ ಹೊತ್ತಿಗೆ ಬಿಲ್ಲಿ ಬ್ಯಾಲೆ ಕ್ಲಾಸಿನ ಮುಖ ನೋಡಿಲ್ಲ. ಜೂಲಿ ವಾಲ್ಟರ್ಸ್ ಮಾಡಿರುವ ಮಿಸೆಸ್ ವಿಲ್ಕಿನ್ಸನ್ ಟೀಚರ್ ಇನ್ನೂ ಬಂದಿಲ್ಲ. ಯಾರೂ ಏನೂ ಕಲಿಸಿಲ್ಲ. ಆದರೂ ಹುಡುಗ ಕುಣಿಯುತ್ತಿದ್ದಾನೆ. ಟೀಚರ್ ಬಂದ ಮೇಲೆ ಕುಣಿತ ಶುರುವಾಗಿದ್ದರೆ, ಇದು ಒಬ್ಬ ಗುರು ಒಬ್ಬ ಶಿಷ್ಯನನ್ನು ತಯಾರು ಮಾಡಿದ ಕಥೆಯಾಗುತ್ತಿತ್ತು. ಈಗ ಇದು ಬೇರೆಯೇ ಪ್ರಶ್ನೆಯ ಕಥೆ. ಕುಣಿತ ಅವನಲ್ಲಿ ಇದ್ದೇ ಇದೆ, ಮನೆ ಮತ್ತು ಊರು ಅದನ್ನು ಇರಲು ಬಿಡುತ್ತವೆಯೇ? ಚಿತ್ರದ ಕೊನೆಯಲ್ಲಿ ದೊಡ್ಡವನಾದ ಬಿಲ್ಲಿ ಲಂಡನ್ನಿನ ರಂಗದ ಮೇಲೆ ಒಂದು ಜಿಗಿತ ಜಿಗಿಯುತ್ತಾನೆ. ಆ ಪಾತ್ರದಲ್ಲಿರುವುದು ಆಡಂ ಕೂಪರ್, ಗಂಡಸರೇ ಹಂಸಗಳಾಗಿ ಕುಣಿಯುವ ಮ್ಯಾಥ್ಯೂ ಬೌರ್ನ್ ಅವರ 1995ರ ‘ಸ್ವಾನ್ ಲೇಕ್’ ಬ್ಯಾಲೆಯಲ್ಲಿ ಮುಖ್ಯ ಹಂಸವಾಗಿದ್ದ ನಿಜವಾದ ನರ್ತಕ. ಹಾಸಿಗೆ ಮೇಲಿನ ಹಾರಾಟಕ್ಕೂ ಆ ಜಿಗಿತಕ್ಕೂ ನಡುವೆ ವರ್ಷಗಟ್ಟಲೆ ಅಭ್ಯಾಸ ಇದೆ. ಮೂಲ ಮಾತ್ರ ಒಂದೇ.

ಹಾಡು ಮುಗಿಯುವ ಹೊತ್ತಿಗೆ ಮೊಟ್ಟೆ ಬರುತ್ತದೆ. ಈ ಭಾಗದ ಬಗ್ಗೆ ಜನ ಜಾಸ್ತಿ ಮಾತಾಡುವುದಿಲ್ಲ. ನನಗೆ ಅದು ತುಂಬ ಇಷ್ಟ. ಹುಡುಗ ಅಜ್ಜಿಗೆ ತಿಂಡಿ ಮಾಡುತ್ತಿದ್ದಾನೆ, ಕುಣಿತದ ಗುಂಗು ಇನ್ನೂ ಮೈಯಲ್ಲಿ ಇರುವಾಗಲೇ. ಮನೆಯಲ್ಲಿ ಬೇರೆ ಯಾರ ಸುಳಿವೂ ಇಲ್ಲ. ಹನ್ನೊಂದು ವರ್ಷದ ಹುಡುಗ ಯಾಕೆ ಅಡುಗೆಮನೆಯಲ್ಲಿದ್ದಾನೆ, ಅಮ್ಮ ಎಲ್ಲಿ? ಚಿತ್ರ ಹೇಳುವುದಿಲ್ಲ. ಅಮ್ಮ ತೀರಿಕೊಂಡಿದ್ದಾಳೆ ಅನ್ನುವುದು ಆಮೇಲೆ ತಿಳಿಯುತ್ತದೆ. ಆದರೆ ಅವಳಿಲ್ಲದ ಜಾಗ ಇಲ್ಲೇ ಕಾಣುತ್ತದೆ. ಅವಳು ಮಾಡಬೇಕಿದ್ದ ಕೆಲಸವನ್ನು ಇನ್ನೊಬ್ಬರು ಅಭ್ಯಾಸವಾದವರ ಹಾಗೆ ಮಾಡುತ್ತಿದ್ದಾರೆ. ಬಿಲ್ಲಿಗೆ ಅದರಲ್ಲಿ ಬೇಸರ ಇಲ್ಲ, ನಾಚಿಕೆಯೂ ಇಲ್ಲ. ಹೆಂಗಸರ ಕೆಲಸ, ಗಂಡಸರ ಕೆಲಸ ಅನ್ನುವ ಲೆಕ್ಕ ಅವನ ತಲೆಗೆ ಇನ್ನೂ ಹೋಗಿಲ್ಲ. ಅದನ್ನು ತಲೆಗೆ ತುಂಬಲು ಬಾಕ್ಸಿಂಗ್ ಗ್ಲೌಸ್ ಹಿಡಿದು ಅಪ್ಪ ಮುಂದೆ ಬರುತ್ತಾನೆ.

ನಂತರ ಧಾಟಿ ತಟ್ಟನೆ ಬದಲಾಗುತ್ತದೆ. ತಟ್ಟೆ ಹಿಡಿದು ಹೋದರೆ ಅಜ್ಜಿಯ ಹಾಸಿಗೆ ಖಾಲಿ. ಹುಡುಗ ಬೈದುಕೊಂಡು ಮನೆಯಿಂದ ಹೊರಗೆ ಓಡುತ್ತಾನೆ. ಅಜ್ಜಿಗೆ ಮರೆವಿನ ಕಾಯಿಲೆ. ಎತ್ತರದ ಹುಲ್ಲಿನ ನಡುವೆ ದಿಕ್ಕು ತಪ್ಪಿ ನಿಂತಿದ್ದಾಳೆ. ಯಾರು ಅಂತ ಗುರುತು ಹಿಡಿಯಲಾರದೆ ಬೆದರುತ್ತಾಳೆ. ಅವನು ಮೆತ್ತಗೆ ಮಾತಾಡಿಸುತ್ತಾನೆ. ಹಾಸ್ಯ ಮತ್ತು ನೋವು ಎರಡೂ ಇರುವ ಚಿತ್ರಗಳಿಗೆ ಇಂಥ ತಿರುವು ಬೇಗ ಬರಬೇಕು. ಮೊದಲ ಅರ್ಧ ಗಂಟೆ ಬರೀ ನಗಿಸಿ, ಆಮೇಲೆ ಇದ್ದಕ್ಕಿದ್ದಂತೆ ಅಳಿಸಲು ಹೊರಟರೆ ನೋಡುವವರಿಗೆ ಮೋಸ ಹೋದ ಹಾಗೆ ಅನ್ನಿಸುತ್ತದೆ. ಇಲ್ಲಿ ಮುಖ ಕಿವುಚಿ ಹಾರಿದ ಹುಡುಗನೇ ಒಂದೆರಡು ನಿಮಿಷದಲ್ಲಿ ಭಯದಿಂದ ಓಡುತ್ತಾನೆ. ಈ ಚಿತ್ರದಲ್ಲಿ ನಗುವೂ ಕಳವಳವೂ ಅಕ್ಕಪಕ್ಕ ಇರುತ್ತವೆ, ಎರಡಕ್ಕೂ ತಯಾರಾಗಿರಿ ಅಂತ ನಮಗೆ ಸೂಚನೆ ಸಿಕ್ಕಿತು. ಅಂದ ಹಾಗೆ, ಆ ಅಜ್ಜಿಗೆ ಚಿತ್ರದಲ್ಲಿ ಒಂದು ಮಾತಿದೆ: ನಾನು ವೃತ್ತಿಪರ ನರ್ತಕಿ ಆಗಬಹುದಿತ್ತು. ಎಲ್ಲವನ್ನೂ ಮರೆತವಳು ಅದನ್ನು ಮಾತ್ರ ಮರೆತಿಲ್ಲ. ಆ ಮಾತು ಕೇಳಿದ ಮೇಲೆ ಈ ಬಯಲಿನ ದೃಶ್ಯವನ್ನು ಮತ್ತೊಮ್ಮೆ ನೋಡಿದರೆ ಬೇರೆಯೇ ಕಾಣುತ್ತದೆ. ಕುಣಿಯಲು ಆಗದೇ ಹೋದವಳನ್ನು, ಈಗ ತಾನೇ ಕುಣಿದು ಬಂದ ಹುಡುಗ ಕೈ ಹಿಡಿದು ಮನೆಗೆ ಕರೆದುಕೊಂಡು ಹೋಗುತ್ತಿದ್ದಾನೆ.

ಅಲ್ಲೇ, ಅವರ ಹಿಂದೆ, ಗುರಾಣಿ ಹಿಡಿದ ಪೊಲೀಸರ ಸಾಲು.

ಇದನ್ನು ಅರ್ಥ ಮಾಡಿಕೊಳ್ಳಲು ಇತಿಹಾಸ ಸ್ವಲ್ಪ ಗೊತ್ತಿರಬೇಕು. ಆಗ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳು ಸರ್ಕಾರದ ಕೈಯಲ್ಲಿದ್ದವು. ಪ್ರಧಾನಿ ಮಾರ್ಗರೆಟ್ ಥ್ಯಾಚರ್. 1984ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿ 20 ಗಣಿಗಳನ್ನು ಮುಚ್ಚುವುದಾಗಿ ಹೇಳಿತು. ಅದರಿಂದ ಸುಮಾರು 20,000 ಕೆಲಸ ಹೋಗುತ್ತಿತ್ತು. ಯಾರ್ಕ್‌ಷೈರಿನ ಕಾರ್ಟನ್‌ವುಡ್ ಗಣಿಯಲ್ಲಿ ಶುರುವಾದ ಮುಷ್ಕರ ದೇಶಕ್ಕೆಲ್ಲ ಹರಡಿತು. ಆರ್ಥರ್ ಸ್ಕಾರ್ಗಿಲ್ ನಾಯಕತ್ವದ ಗಣಿ ಕಾರ್ಮಿಕರ ಸಂಘ ಸುಮಾರು ಒಂದು ವರ್ಷ ಹೋರಾಡಿ, 1985ರ ಮಾರ್ಚ್‌ನಲ್ಲಿ ಸೋತು ಕೆಲಸಕ್ಕೆ ಮರಳಿತು. ಈ ಒಂದು ವರ್ಷ ಸಂಬಳ ಇಲ್ಲ. ಚಳಿಗಾಲಕ್ಕೆ ಕಲ್ಲಿದ್ದಲೂ ಇಲ್ಲ. ಚಿತ್ರದಲ್ಲಿ ಅಪ್ಪ, ಸತ್ತ ಹೆಂಡತಿಯ ಪಿಯಾನೊವನ್ನು ಒಡೆದು ಒಲೆಗೆ ಹಾಕುವುದು ಇದಕ್ಕೇ.

ಪೊಲೀಸರನ್ನು ಬೇರೆ ಬೇರೆ ಜಿಲ್ಲೆಗಳಿಂದ ಕರೆಸಿ ಗಣಿ ಊರುಗಳಿಗೆ ಇಳಿಸಲಾಯಿತು. 1984ರ ಜೂನ್ 18ರಂದು ಆರ್ಗ್ರೀವ್ ಎಂಬಲ್ಲಿ ಕುದುರೆ ಏರಿದ ಪೊಲೀಸರು ಕಾರ್ಮಿಕರ ಮೇಲೆ ನುಗ್ಗಿದ್ದು ಇವತ್ತಿಗೂ ಅಲ್ಲಿ ಮಾಸದ ಗಾಯ. ಚಿತ್ರದ ಬೀದಿಗಳನ್ನು ಹೆಚ್ಚಾಗಿ ಚಿತ್ರೀಕರಿಸಿದ್ದು ಡರ್ಹಮ್ ಕೌಂಟಿಯ ಈಸಿಂಗ್ಟನ್‌ನಲ್ಲಿ. 1984ರ ಆಗಸ್ಟ್‌ನಲ್ಲಿ, ಮುಷ್ಕರ ಬಿಟ್ಟು ಬಂದ ಒಬ್ಬನೇ ಒಬ್ಬ ಕಾರ್ಮಿಕನನ್ನು ಗಣಿಯೊಳಗೆ ಬಿಡಲು ಆ ಊರಿಗೆ ದೊಡ್ಡ ಪೊಲೀಸ್ ಪಡೆಯೇ ಬಂದಿತ್ತು. ಅಲ್ಲಿನ ಗಣಿ 1993ರಲ್ಲಿ ಮುಚ್ಚಿತು. ಅಂದರೆ ಕ್ಯಾಮೆರಾ ಹೋದಾಗ ಆ ಊರಿನ ಹೋರಾಟವೂ ಮುಗಿದಿತ್ತು, ಗಣಿಯೂ ಇರಲಿಲ್ಲ. 2000ದಲ್ಲಿ ಚಿತ್ರ ನೋಡಿದ ಬ್ರಿಟಿಷರಿಗೆಲ್ಲ ಇದು ಗೊತ್ತು. ಆ ಪೊಲೀಸರ ಸಾಲು ಕಂಡ ಕ್ಷಣವೇ, ಈ ಅಪ್ಪ ಅಣ್ಣ ಸೋಲುತ್ತಾರೆ ಅನ್ನುವುದು ಅವರಿಗೆ ತಿಳಿದುಹೋಗುತ್ತದೆ. ಹುಡುಗ ಗೆಲ್ಲುತ್ತಾನೋ ಇಲ್ಲವೋ ಅನ್ನುವುದಷ್ಟೇ ಉಳಿದ ಪ್ರಶ್ನೆ.

ಶುರುವಿನ ಈ ಮೂರು ತುಣುಕುಗಳು ಹೀಗೆ ಒಂದರಿಂದ ಒಂದು ಅಗಲವಾಗುತ್ತಾ ಹೋಗುತ್ತವೆ. ಕೋಣೆಯಲ್ಲಿ ಒಂದು ಮೈ ಮಾತ್ರ. ಅಡುಗೆಮನೆಯಲ್ಲಿ ಮನೆ. ಬಯಲಿನಲ್ಲಿ ದೇಶ. ಮುಷ್ಕರದ ವರ್ಷ ಅಂತ ಟಿವಿ ಸುದ್ದಿಯ ತುಣುಕುಗಳಿಂದ ಶುರು ಮಾಡಬಹುದಿತ್ತು. ಹಾಗೆ ಮಾಡಿದ್ದರೆ ಹುಡುಗ ಇತಿಹಾಸದೊಳಗಿನ ಒಂದು ಚುಕ್ಕಿ ಆಗುತ್ತಿದ್ದ. ಇಲ್ಲಿ ಮೊದಲು ಹುಡುಗ ಬಂದ, ಆಮೇಲೆ ಇತಿಹಾಸ ಅವನ ಬೆನ್ನ ಹಿಂದೆ ಬಂದು ನಿಂತಿತು.

ಚಿತ್ರದ ಮೇಲೆ ಒಂದು ದೂರು ಇದೆ. ಒಂದು ಇಡೀ ಸಮುದಾಯದ ಸೋಲನ್ನು ಒಬ್ಬ ಹುಡುಗನ ಗೆಲುವಿಗೆ ಬರೀ ಹಿನ್ನೆಲೆಯ ಹಾಗೆ ಬಳಸಿಕೊಂಡಿದ್ದಾರೆ, ಊರು ಮುಳುಗಿದರೂ ಪ್ರತಿಭೆ ಇದ್ದವನು ಲಂಡನ್ನಿಗೆ ಹಾರಿಹೋಗುತ್ತಾನೆ ಅನ್ನುವ ಸಮಾಧಾನ ಕೊಡುತ್ತಾರೆ ಅನ್ನುವುದು ಆ ದೂರು. ಇದನ್ನು ತಳ್ಳಿಹಾಕಲು ಆಗುವುದಿಲ್ಲ. ಶುರುವಿನಲ್ಲೇ ಪೊಲೀಸರು ಅಕ್ಷರಶಃ ಹಿನ್ನೆಲೆಯಲ್ಲಿದ್ದಾರೆ. ಆದರೆ ಅದು ಹನ್ನೊಂದು ವರ್ಷದವನ ನೋಟ ಅಂತ ನಾನು ಓದುತ್ತೇನೆ. ಅವನಿಗೆ ಆಗ ಮುಖ್ಯವಾದವಳು ಅಜ್ಜಿ. ಪೊಲೀಸರು ದಿನಾ ಇರುವವರು. ಮುಂದೆ ಒಂದು ದೃಶ್ಯದಲ್ಲಿ ಟೀಚರ್ ಮಗಳು ಡೆಬ್ಬಿ ಬಿಲ್ಲಿಯ ಜೊತೆ ಮಾತಾಡುತ್ತಾ, ಕೈಯಲ್ಲಿದ್ದ ಕೋಲನ್ನು ಗೋಡೆಗೆ ಸವರಿಕೊಂಡು ನಡೆಯುತ್ತಾಳೆ. ಗೋಡೆ ಮುಗಿದು ಪೊಲೀಸರ ಗುರಾಣಿಗಳು ಬಂದರೂ ಕೋಲು ಸವರುವುದು ನಿಲ್ಲುವುದಿಲ್ಲ. ಮಕ್ಕಳಿಗೆ ಎರಡೂ ಒಂದೇ ಆಗಿಹೋಗಿದೆ. ಇದಕ್ಕಿಂತ ದೊಡ್ಡ ಆರೋಪವನ್ನು ಆ ಸರ್ಕಾರದ ಮೇಲೆ ಹೊರಿಸುವುದು ಕಷ್ಟ.

ಆಮೇಲೆ ಆ ಹಿನ್ನೆಲೆ ಮುಂದಕ್ಕೆ ಬರುತ್ತದೆ. ಟೋನಿಯನ್ನು ಪೊಲೀಸರು ಮನೆಗಳ ಒಳಗೆಲ್ಲ ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಾರೆ. ಮಗನ ಆಡಿಷನ್ನಿಗೆ ಹಣ ಬೇಕು ಅಂತ ಅಪ್ಪ ಒಂದು ದಿನ ಮುಷ್ಕರ ಮುರಿಯುವವರ ಬಸ್ಸು ಹತ್ತುತ್ತಾನೆ. ತಾನೇ ತಿಂಗಳುಗಟ್ಟಲೆ ಹೊರಗೆ ನಿಂತು ಮೊಟ್ಟೆ ಎಸೆದು, ಛೀಮಾರಿ ಹಾಕಿದ ಬಸ್ಸು ಅದು. ಟೋನಿ ಓಡಿ ಬಂದು ತಡೆಯುತ್ತಾನೆ, ಅಪ್ಪ ಅವನನ್ನು ತಬ್ಬಿಕೊಂಡು ಅಳುತ್ತಾನೆ. ಅಪ್ಪನಾಗಿ ಗ್ಯಾರಿ ಲೂಯಿಸ್ ಮತ್ತು ಟೋನಿಯಾಗಿ ಜೇಮಿ ಡ್ರೇವನ್ ಅಲ್ಲಿ ನಟಿಸಿರುವ ರೀತಿಗೆ ಎಷ್ಟು ಹೊಗಳಿದರೂ ಕಡಿಮೆ. ಆ ಅಳು ನಮ್ಮನ್ನು ತಟ್ಟುವುದಕ್ಕೆ ಕಾರಣ, ಹಾರುವ ಹುಡುಗನ ಬೆಲೆ ನಮಗೆ ಮೊದಲೇ ಗೊತ್ತಿತ್ತು. ಅಪ್ಪನಿಗೆ ಅದು ಗೊತ್ತಾಗಿದ್ದು ಈಗ.

ಚಿತ್ರ ಮತ್ತೊಮ್ಮೆ ಹಾಕಿದಾಗ ಈ ಶುರುವನ್ನು ಎರಡು ಸಲ ನೋಡಿ ಅಂತ ಕೇಳಿಕೊಳ್ಳುತ್ತೇನೆ. ಒಂದು ಸಲ ಸದ್ದು ಪೂರ್ತಿ ತೆಗೆದು ನೋಡಿ. ಆಗ ಹುಡುಗನ ಮೈ ಏನು ಹೇಳುತ್ತಿದೆ, ಫ್ರೇಮ್ ಏನನ್ನು ಮುಚ್ಚಿಡುತ್ತಿದೆ ಅನ್ನುವುದು ಕಾಣುತ್ತದೆ. ಇನ್ನೊಂದು ಸಲ ಪರದೆಗೆ ಬೆನ್ನು ಹಾಕಿ ಬರೀ ಕೇಳಿ. ಕೋಣೆಯ ಹಾಡು ಯಾವ ಹೊತ್ತಿಗೆ ಚಿತ್ರದ ಹಾಡಾಯಿತು ಅಂತ ಕಿವಿಗೆ ಸಿಗುತ್ತದೆ.